ಗೆದ್ದಲು ತಿಂದ ಪರವಾನಗಿ

೧

ವಿದ್ಯೆಯೆಂಬ ಧನವು ಕಳ್ಳಕಾಕರಿಗೆ ಅಂಜತಕ್ಕದ್ದಲ್ಲವೆಂದು ನಾವು ಮೂವತ್ತು ವರ್ಷಗಳಿಗೂ ಹೆಚ್ಚು ಕಾಲ ಪಾಠಶಾಲೆಯಲ್ಲಿ ಹುಡುಗರಿಗೆ ಹೇಳಿಕೊಟ್ಟಿದ್ದೇವೆ. ಹೇಳಿದ್ದು ಸುಳ್ಳೇನೂ ಅಲ್ಲ. ಆದರೆ ಆ ವಿದ್ಯೆಯು ತನ್ನಲ್ಲಿ ಉಂಟೆಂದು ಮತ್ತೊಬ್ಬರಿಗೆ ತೋರಿಸಿಕೊಡತಕ್ಕ ಕಾಗದವು ಮಾತ್ರ ಕಳ್ಳನಿಗಿಂತ ಹೆಚ್ಚಾಗಿ ಗೆದ್ದಲಿಗೆ ಅಂಜಬೇಕಾಗುತ್ತದೆಂಬುದು ೨೦೨೪ನೆಯ ಇಸವಿಯ ಆಷಾಢಮಾಸದಲ್ಲಿ ನಮ್ಮ ಅನುಭವಕ್ಕೆ ಬಂದಿತು. ನಲವತ್ತು ವರ್ಷಗಳ ಹಿಂದೆಯೇ ಅವಧಿ ಮುಗಿದುಹೋದ ಒಂದು ಪರವಾನಗಿಗೆ, ಅದೂ ಸಮುದ್ರದಾಚೆಯ ಸರ್ಕಾರವೊಂದು ಕೊಟ್ಟಿದ್ದ ಪರವಾನಗಿಗೆ, ಮಲೆನಾಡಿನ ಒಂದು ಅಟ್ಟದ ಮೇಲೆ ಸಾಕ್ಷ್ಯವನ್ನು ಹುಡುಕಬೇಕಾಗಿ ಬಂದ ಸಂಗತಿಯನ್ನು ವಾಚಕರ ಮುಂದೆ ಇಡುತ್ತೇವೆ. ಮನೆಯಲ್ಲಿ ಹಳೆಯ ಪೆಟ್ಟಿಗೆಯುಳ್ಳವರೆಲ್ಲರಿಗೂ ಇದರಲ್ಲಿ ತಿಳಿಯತಕ್ಕ ಅಂಶವಿದೆಯೆಂದು ನಮ್ಮ ನಂಬಿಕೆ.

ತೀರ್ಥಹಳ್ಳಿಯ ಕಡೆಯ ನಮ್ಮ ಊರಿನಲ್ಲಿ ನಮಗಿಂತ ಹದಿನೈದು ಹದಿನಾರು ವರ್ಷ ಹಿರಿಯರಾದ ಮಹನೀಯರೊಬ್ಬರುಂಟು. ಊರವರೆಲ್ಲ ಅವರನ್ನು ಇಂಜಿನಿಯರ್ ರಾಯರೆಂದು ಕರೆಯುವುದು ವಾಡಿಕೆ. ನಾವೂ ಹಾಗೆಯೇ ಕರೆಯುತ್ತೇವೆ. ರಾಯರು ೧೯೭೧ರಲ್ಲಿ ಮೇಲುವ್ಯಾಸಂಗಕ್ಕಾಗಿ ಅಮೆರಿಕಾ ಸಂಯುಕ್ತ ಸಂಸ್ಥಾನಗಳಿಗೆ ಹೋದರು. ವ್ಯಾಸಂಗ ಮುಗಿದ ಮೇಲೆ ನ್ಯೂಜೆರ್ಸಿ ಪ್ರಾಂತದಲ್ಲಿ ಉದ್ಯೋಗಕ್ಕೆ ನಿಂತರು. ಅಲ್ಲಿ ಅವರಿಗೆ ಹತ್ತಿದ ಗೀಳೇ ಹವ್ಯಾಸಿ ರೇಡಿಯೋ.

ರೇಡಿಯೋ ಎಂದೊಡನೆಯೇ ನಮ್ಮ ಮನೆಗಳಲ್ಲಿ ನೆನಪಿಗೆ ಬರುವುದು ಆಕಾಶವಾಣಿ. ೧೯೩೫ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನ ಪ್ರೊಫೆಸರರಾಗಿದ್ದ ಎಂ. ವಿ. ಗೋಪಾಲಸ್ವಾಮಿಯವರು ತಮ್ಮ ಮನೆಯಲ್ಲಿಯೇ ಒಂದು ಪುಟ್ಟ ಪ್ರಸಾರ ಕೇಂದ್ರವನ್ನು ಹೂಡಿದ್ದನ್ನೂ, ಆಕಾಶವಾಣಿಯೆಂಬ ಹೆಸರು ಆ ಕೇಂದ್ರದಿಂದ ನಾಡಿಗೆಲ್ಲ ಹರಡಿದ್ದನ್ನೂ ವಾಚಕರು ಕೇಳಿರಬಹುದು. ಆದರೆ ಅದು ಒಬ್ಬರು ನುಡಿದು ಸಾವಿರಾರು ಮಂದಿ ಕೇಳತಕ್ಕ ಏರ್ಪಾಡು. ಹವ್ಯಾಸಿ ರೇಡಿಯೋ ಹಾಗಲ್ಲ. ಇಲ್ಲಿ ಪ್ರತಿಯೊಬ್ಬನೂ ಕೇಳತಕ್ಕವನು, ಪ್ರತಿಯೊಬ್ಬನೂ ನುಡಿಯತಕ್ಕವನು. ತನ್ನ ಮನೆಯ ಮೂಲೆಯಲ್ಲಿ ಯಂತ್ರವನ್ನಿಟ್ಟು, ಹಿತ್ತಿಲಿನ ಮರಕ್ಕೆ ತಂತಿ ಕಟ್ಟಿ, ಮುಖ ಕಂಡರಿಯದ ದೇಶಾಂತರದವರೊಡನೆ ಸಂಭಾಷಿಸುವುದು ಇದರ ಸೊಗಸು. ಇದರಲ್ಲಿ ವ್ಯಾಪಾರವಾಗಲಿ ಸಂಬಳವಾಗಲಿ ಇಲ್ಲ. ಆದರೂ ಆಕಾಶವು ಎಲ್ಲರ ಸೊತ್ತಾದ್ದರಿಂದ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆಯದೆ ಯಾರೂ ನುಡಿಯುವಂತಿಲ್ಲ. ಪರವಾನಗಿಯೊಡನೆ ಪ್ರತಿಯೊಬ್ಬನಿಗೂ ಅಕ್ಷರಗಳೂ ಒಂದು ಅಂಕಿಯೂ ಸೇರಿದ ಒಂದು ಕರೆಹೆಸರು ಸಿಗುತ್ತದೆ. ಭೂಮಂಡಲದಲ್ಲಿ ಒಬ್ಬನ ಕರೆಹೆಸರು ಇನ್ನೊಬ್ಬನಿಗಿಲ್ಲ. ನಮ್ಮ ದೇಶದ ಹವ್ಯಾಸಿಗಳ ಕರೆಹೆಸರು ಸಾಮಾನ್ಯವಾಗಿ ವಿ ಯು ಎಂದು ಮೊದಲಾಗುತ್ತದೆ. ರಾಯರ ಕರೆಹೆಸರಿನ ನಡುವೆ ೨ ಎಂಬ ಅಂಕಿಯಿದ್ದಿತು. ಅದು ನ್ಯೂಯಾರ್ಕ್ ನ್ಯೂಜೆರ್ಸಿ ಪ್ರಾಂತಗಳ ಗುರುತು.

ರಾಯರು ೧೯೭೭ರಲ್ಲಿ ನಾವಿಸ್ ಎಂಬ ಮೊದಲ ಮೆಟ್ಟಿಲಿನ ಪರೀಕ್ಷೆಯನ್ನು ಮುಗಿಸಿ, ೧೯೭೯ರ ವಸಂತದಲ್ಲಿ ನ್ಯೂಯಾರ್ಕ್ ನಗರಕ್ಕೆ ಹೋಗಿ, ಸರ್ಕಾರದ ಪರೀಕ್ಷಕರ ಮುಂದೆ ಕುಳಿತು ಜನರಲ್ ದರ್ಜೆಯನ್ನು ಗೆದ್ದರು. ಆ ಕಾಲದಲ್ಲಿ ಅದು ಸುಲಭದ ಮಾತಾಗಿರಲಿಲ್ಲ. ಲಿಖಿತ ಪ್ರಶ್ನೆಗಳಲ್ಲದೆ, ನಿಮಿಷಕ್ಕೆ ೧೩ ಪದಗಳ ವೇಗದಲ್ಲಿ ಬರುವ ಮೋರ್ಸ್ ಸಂಕೇತವನ್ನು ಕಿವಿಯಿಂದ ಕೇಳಿ ಕೈಯಿಂದ ಬರೆದುಕೊಳ್ಳಬೇಕಾಗಿದ್ದಿತು. ಐದು ಅಕ್ಷರಕ್ಕೆ ಒಂದು ಪದವೆಂದು ಲೆಕ್ಕ. ಎಂದರೆ ನಿಮಿಷಕ್ಕೆ ೬೫ ಅಕ್ಷರ. ಛಂದಸ್ಸನ್ನು ಬಲ್ಲವರಿಗೆ ಈ ಸಂಕೇತವನ್ನು ತಿಳಿಸುವುದು ಕಷ್ಟವಲ್ಲ. ನಮ್ಮ ಲಘು ಗುರುಗಳಂತೆ ಅಲ್ಲಿಯೂ ಒಂದು ಹ್ರಸ್ವನಾದ, ಒಂದು ದೀರ್ಘನಾದ. ಭೇದವೇನೆಂದರೆ ನಮ್ಮ ಗುರುವಿಗೆ ಎರಡು ಮಾತ್ರೆ, ಅವರ ದೀರ್ಘಕ್ಕೆ ಮೂರು. ಲಘುವಿನ ಮುಂದೆ ಗುರು ಬಂದರೆ ಇಂಗ್ಲಿಷಿನ ಎ ಅಕ್ಷರ. ಗುರುವಿನ ಮುಂದೆ ಲಘು ಬಂದರೆ ಎನ್ ಅಕ್ಷರ.

ತಂದೆಯವರ ಕಾಯಿಲೆಯ ಕಾರಣ ರಾಯರು ೧೯೮೨ರಲ್ಲಿ ಸಂಸಾರಸಮೇತ ಊರಿಗೆ ಹಿಂದಿರುಗಿದರು. ಯಂತ್ರವನ್ನು ಅಲ್ಲಿಯ ಸ್ನೇಹಿತರಿಗೆ ಕೊಟ್ಟು ಬಂದಿದ್ದರು. ಇಲ್ಲಿ ಅದನ್ನು ನಡೆಸುವುದಕ್ಕೆ ಈ ದೇಶದ ಪರವಾನಗಿ ಬೇರೆ ಬೇಕು. ತೋಟ, ಗದ್ದೆ, ಔಷಧೋಪಚಾರಗಳ ನಡುವೆ ಅದರ ಯೋಚನೆಗೆ ಎಡೆಯೆಲ್ಲಿ? ಅಮೆರಿಕಾದ ಪರವಾನಗಿಯ ಅವಧಿ ೧೯೮೪ರಲ್ಲಿ ತಾನೇ ತೀರಿತು. ನಾವು ಆಗ ಕಾಲೇಜಿಗೆ ಹೋಗುತ್ತಿದ್ದ ಹುಡುಗರು. ಸಂಜೆಯ ಹೊತ್ತು ಜಗಲಿಯ ಕಂಬಕ್ಕೆ ಒರಗಿಕೊಂಡು ರಾಯರು ಬೆರಳಿನಿಂದ ಕಂಬವನ್ನು ಕುಟ್ಟುತ್ತಿದ್ದುದು ನಮಗೆ ಚೆನ್ನಾಗಿ ನೆನಪಿದೆ. ಅದು ತಾಳವೆಂದು ನಾವು ಭಾವಿಸಿದ್ದೆವು. ತಾಳವಲ್ಲ, ಮಾತು ಎಂದು ಅವರೇ ಒಂದು ದಿನ ತಿಳಿಸಿ, ನಾಲ್ಕಾರು ಅಕ್ಷರಗಳನ್ನು ನಮಗೂ ಕಲಿಸಿದರು.

೨

ರಾಯರಿಗೆ ಈಗ ಎಪ್ಪತ್ತಾರು ವರ್ಷ. ಪತ್ನಿಯವರು ತೀರಿಕೊಂಡ ಮೇಲೆ ೨೦೧೭ರಿಂದ ನ್ಯೂಜೆರ್ಸಿಯಲ್ಲಿ ಮಗಳ ಮನೆಯಲ್ಲಿದ್ದಾರೆ. ಅವರ ಮೊಮ್ಮಗಳು ಶಾಲೆಯಲ್ಲಿ ಓದುತ್ತಿರುವ ಹುಡುಗಿ. ೨೦೨೪ರ ಆರಂಭದಲ್ಲಿ ಈ ಹವ್ಯಾಸಕ್ಕೆ ತಾನಾಗಿಯೇ ಮನಸೋತು, ಟೆಕ್ನಿಷಿಯನ್ ಎಂಬ ಈಗಿನ ಮೊದಲ ದರ್ಜೆಯ ಪರೀಕ್ಷೆಯಲ್ಲಿ ತೇರ್ಗಡೆಯಾದಳು. ಸಂತೋಷದ ಭರದಲ್ಲಿ ರಾಯರು, "ನಿನಗಿಂತ ಮೇಲಿನ ದರ್ಜೆಯನ್ನು ನಾನು ೧೯೭೯ರಲ್ಲಿಯೇ ಗೆದ್ದಿದ್ದೆ, ಮಗೂ" ಎಂದರಂತೆ. ಹುಡುಗಿ ಅಪನಂಬಿಕೆಯಿಂದಲ್ಲ, ಕುತೂಹಲದಿಂದಲೇ, "ಹಾಗಾದರೆ ಪರವಾನಗಿ ಎಲ್ಲಿ, ತಾತಾ?" ಎಂದು ಕೇಳಿದಳು. ರಾಯರ ಬಳಿ ಒಂದು ಚೂರು ಕಾಗದವೂ ಇರಲಿಲ್ಲ. ಬಾಯಿಮಾತಿನ ಹೊರತು ತೋರಿಸುವುದಕ್ಕೆ ಏನೂ ಇಲ್ಲವೆಂಬುದು ಆ ಗಳಿಗೆಯಲ್ಲಿ ಅವರ ಮನಸ್ಸಿಗೆ ನಾಟಿತು.

ಹುಡುಗಿಯೇ ಹುಡುಕಿ ಒಂದು ಕಾಯಿದೆಯನ್ನು ತಾತನ ಮುಂದೆ ಇಟ್ಟಳು. ಆ ದೇಶದಲ್ಲಿ ಈ ವಿಷಯಗಳನ್ನು ನೋಡಿಕೊಳ್ಳುವುದು ೧೯೩೪ರಲ್ಲಿ ಸ್ಥಾಪಿತವಾದ ಫೆಡರಲ್ ಕಮ್ಯುನಿಕೇಷನ್ಸ್ ಕಮಿಷನ್ ಎಂಬ ಆಯೋಗ. ಅವಧಿ ಮುಗಿದ ಎರಡು ವರ್ಷದೊಳಗಾಗಿ ಅರ್ಜಿ ಹಾಕಿದರೆ ಪರವಾನಗಿಯನ್ನು ಪರೀಕ್ಷೆಯಿಲ್ಲದೆ ನವೀಕರಿಸಿಕೊಡುತ್ತಾರೆ. ಆ ಗಡುವು ಮೀರಿದರೆ ಪರವಾನಗಿ ಸತ್ತಂತೆಯೇ. ಜನರಲ್ ದರ್ಜೆಯವನಾದರೂ ಮೊದಲಿನಿಂದ ಎಲ್ಲ ಪರೀಕ್ಷೆಗಳನ್ನೂ ಬರೆಯಬೇಕೆಂಬುದು ಹಿಂದಿನ ನಿಯಮ. ಆಯೋಗದವರು ಇದನ್ನು ಸಡಲಿಸಿದರು. ೨೦೧೪ನೆಯ ಇಸವಿ ಜುಲೈ ೨೧ರಿಂದ ಜಾರಿಗೆ ಬಂದ ಹೊಸ ನಿಯಮದ ಪ್ರಕಾರ, ಒಮ್ಮೆ ಗೆದ್ದ ಮೇಲಿನ ಪರೀಕ್ಷೆಗಳ ಫಲವು, ಪರವಾನಗಿ ಎಷ್ಟು ವರ್ಷಗಳ ಹಿಂದೆ ತೀರಿದ್ದರೂ, ಗೆದ್ದವನಿಗೆ ಸಲ್ಲುತ್ತದೆ.

ಇದರ ವಿವರ ಹೀಗೆ. ಈಗ ಅಲ್ಲಿ ಮೂರು ಲಿಖಿತ ಪರೀಕ್ಷೆಗಳುಂಟು: ಎರಡನೆಯ ಭಾಗ, ಮೂರನೆಯ ಭಾಗ, ನಾಲ್ಕನೆಯ ಭಾಗ. ಒಂದನೆಯ ಭಾಗವೆಲ್ಲಿ ಹೋಯಿತೆಂದು ವಾಚಕರು ಕೇಳಬಹುದು. ಅದೇ ಮೋರ್ಸ್ ಸಂಕೇತದ ಪರೀಕ್ಷೆ. ಅದನ್ನು ೨೦೦೭ರಲ್ಲಿ ಪೂರ್ತಿಯಾಗಿ ಕೈಬಿಟ್ಟರು. ಎರಡನೆಯ ಭಾಗವನ್ನು ಗೆದ್ದವರು ಟೆಕ್ನಿಷಿಯನ್. ಮೂರನೆಯದನ್ನೂ ಗೆದ್ದವರು ಜನರಲ್. ನಾಲ್ಕನೆಯದನ್ನೂ ಗೆದ್ದವರು ಎಕ್ಸ್‌ಟ್ರಾ. ಹಿಂದೆ ಜನರಲ್ ಅಥವಾ ಅಡ್ವಾನ್ಸ್ಡ್ ದರ್ಜೆಯನ್ನು ಪಡೆದಿದ್ದವರಿಗೆ ಮೂರನೆಯ ಭಾಗವೂ, ಎಕ್ಸ್‌ಟ್ರಾ ದರ್ಜೆಯವರಿಗೆ ಮೂರು ನಾಲ್ಕು ಎರಡು ಭಾಗಗಳೂ ಗೆದ್ದಂತೆಯೇ ಲೆಕ್ಕ. ೧೯೮೭ನೆಯ ಮಾರ್ಚಿ ೨೧ಕ್ಕೆ ಮುಂಚೆ ಟೆಕ್ನಿಷಿಯನ್ ಆಗಿದ್ದವರಿಗೂ ಮೂರನೆಯ ಭಾಗದ ವಿನಾಯಿತಿ ಉಂಟು. ಏಕೆಂದರೆ ಆಗ ಆ ದರ್ಜೆಗೂ ಜನರಲ್ ದರ್ಜೆಗೂ ಲಿಖಿತ ಪ್ರಶ್ನೆಗಳು ಒಂದೇ ಆಗಿದ್ದವು. ಎರಡನೆಯ ಭಾಗವನ್ನು ಮಾತ್ರ ಎಲ್ಲರೂ ಹೊಸದಾಗಿ ಬರೆಯಬೇಕು. ಹಳೆಯದನ್ನು ಮರೆಯದೆ ಉಳಿಸಿಕೊಂಡಿದ್ದಾನೆಯೇ ಎಂದು ನೋಡುವ ಒರೆಗಲ್ಲು ಅದು.

ಒಂದು ಷರತ್ತು ಮಾತ್ರ ಬಿಗಿಯಾದದ್ದು. ಹಿಂದೆ ಪರವಾನಗಿ ಇದ್ದಿತೆಂಬುದನ್ನೂ ಯಾವ ದರ್ಜೆಯದೆಂಬುದನ್ನೂ ಸಾಕ್ಷ್ಯಸಹಿತ ತೋರಿಸತಕ್ಕ ಹೊಣೆ ಅರ್ಜಿದಾರನದು. ಅಲ್ಲಿಯ ಗಣಕಯಂತ್ರದ ಪಟ್ಟಿ ಹವ್ಯಾಸಿಗಳ ಮಟ್ಟಿಗೆ ೧೯೯೦ರ ದಶಕದ ಕೊನೆಯಲ್ಲಿ ಬಳಕೆಗೆ ಬಂದದ್ದು. ೧೯೮೪ರಲ್ಲಿಯೇ ಅವಧಿ ತೀರಿದ ರಾಯರ ಹೆಸರು ಅದರಲ್ಲಿ ಸಿಕ್ಕಲಿಲ್ಲ.

ಆಗ ರಾಯರು ನಮ್ಮನ್ನು ದೂರವಾಣಿಯಲ್ಲಿ ಕರೆದರು. "ನೋಡು ಮಾರಾಯ, ಮನೆಯ ಅಟ್ಟದ ಮೇಲೆ ನನ್ನ ಹಸುರು ಟ್ರಂಕು ಇರಬೇಕು. ಪರವಾನಗಿ ಅದರಲ್ಲೇ ಎಲ್ಲೋ ಇದೆ. ತಮ್ಮನಿಗೆ ಮಂಡಿನೋವು, ಅಟ್ಟ ಹತ್ತಲಾರ. ಈ ಕೆಲಸ ನಿನ್ನಿಂದ ಆಗಬೇಕು" ಎಂದರು. "ಆಗಲಿ ರಾಯರೇ, ತಾವು ಚಿಂತೆ ಮಾಡಬೇಡಿ" ಎಂದು ನಾವು ಒಪ್ಪಿಕೊಂಡೆವು. ಒಂದು ಕಾಗದಕ್ಕಾಗಿ ಅವರ ಧ್ವನಿ ಅಷ್ಟು ನಡುಗಿದ್ದೇಕೆಂದು ಆ ಹೊತ್ತಿಗೆ ನಮಗೆ ಹೊಳೆಯಲಿಲ್ಲ.

೩

ಸಾಕ್ಷ್ಯವೆಂದರೇನು ಎಂಬ ಪ್ರಶ್ನೆಯನ್ನು ನಮ್ಮ ಪೂರ್ವಿಕರು ಬಹಳ ಹಿಂದೆಯೇ ವಿಚಾರಿಸಿದ್ದಾರೆ. ಯಾಜ್ಞವಲ್ಕ್ಯ ಸ್ಮೃತಿಯು ವ್ಯವಹಾರದಲ್ಲಿ ಮಾನುಷ ಪ್ರಮಾಣಗಳು ಮೂರೆಂದು ಎಣಿಸುತ್ತದೆ: ಲಿಖಿತ, ಭುಕ್ತಿ, ಸಾಕ್ಷಿ. ಲಿಖಿತವೆಂದರೆ ಪತ್ರ, ಭುಕ್ತಿಯೆಂದರೆ ಅನುಭವಿಸಿಕೊಂಡು ಬಂದದ್ದು, ಸಾಕ್ಷಿಯೆಂದರೆ ಕಂಡವರು. ಈ ಮೂರೂ ಇಲ್ಲದಾಗ ಮಾತ್ರ ಬೆಂಕಿ, ನೀರು, ತಕ್ಕಡಿ ಮೊದಲಾದ ದಿವ್ಯಗಳು. ಈ ಸ್ಮೃತಿಗೆ ಮಿತಾಕ್ಷರಾ ಎಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು ನಮ್ಮ ಕಲ್ಯಾಣದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ ಇದ್ದವನೆಂಬುದು ಕನ್ನಡಿಗರು ಅಭಿಮಾನಪಡತಕ್ಕ ಸಂಗತಿ. ಅಟ್ಟದ ಏಣಿಯನ್ನು ಏರುವಾಗ ಈ ಮೂರು ಪ್ರಮಾಣಗಳೇ ನಮ್ಮ ಮನಸ್ಸಿನಲ್ಲಿ ಸುಳಿಯುತ್ತಿದ್ದವು.

ಮನೆಯ ಯಜಮಾನತಿ, ರಾಯರ ತಮ್ಮನ ಪತ್ನಿ, ನಾವು ಅತ್ತಿಗೆಯೆಂದು ಕರೆಯತಕ್ಕವರು. ಕೆಳಗಿನಿಂದ ದೀಪ ಹಿಡಿದುಕೊಂಡು, "ಭಾವನವರ ಪೆಟ್ಟಿಗೆಯನ್ನು ನಾವು ಯಾರೂ ಮುಟ್ಟಿಲ್ಲ. ಗೆದ್ದಲಿಗೆ ಮಾತ್ರ ಅಪ್ಪಣೆ ಕೇಳುವ ಅಭ್ಯಾಸವಿಲ್ಲ" ಎಂದರು. ಆ ಮಾತು ನಿಜವಾಯಿತು. ಟ್ರಂಕಿನ ಅಡಿಯ ತಗಡು ತುಕ್ಕು ಹಿಡಿದು ತೂತಾಗಿದ್ದಿತು. ಅಲ್ಲಿಂದ ಗೆದ್ದಲು ಹೊಕ್ಕು ದಪ್ಪ ದಪ್ಪ ಇಂಜಿನಿಯರಿಂಗ್ ಗ್ರಂಥಗಳನ್ನೆಲ್ಲ ಮಣ್ಣಿನ ಹೆಂಟೆಗಳನ್ನಾಗಿ ಮಾಡಿದ್ದಿತು. ಒಂದು ಪುಸ್ತಕದ ನಡುವೆ ಅಂಗೈಯಗಲದ ಒಂದು ಕಾಗದದ ಚೂರು ದೊರಕಿತು. ಅದರ ಮೇಲೆ ಆಯೋಗದ ಹೆಸರಿನ ಅರ್ಧ, ರಾಯರ ವಿಳಾಸದ ಒಂದು ಸಾಲು, ಇಷ್ಟು ಮಾತ್ರ ಉಳಿದಿದ್ದವು. ಕರೆಹೆಸರು, ದರ್ಜೆ, ತಾರೀಖು ಎಲ್ಲವೂ ಗೆದ್ದಲಿಗೆ ಆಹುತಿಯಾಗಿದ್ದವು. ಲಿಖಿತವು ಹೀಗೆ ಮುಗಿಯಿತು.

ಟ್ರಂಕಿನ ಮೂಲೆಯಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇದ್ದಿತು. ಅದರ ಮುಚ್ಚಳ ಬಿಗಿಯಾಗಿದ್ದುದರಿಂದ ಒಳಗಿನದು ಕೆಟ್ಟಿರಲಿಲ್ಲ. ತೆರೆದು ನೋಡಲಾಗಿ, ರಾಯರ ಹಳೆಯ ಪಾಸ್‌ಪೋರ್ಟೂ, ಬಣ್ಣಬಣ್ಣದ ನೂರಾರು ಕಾರ್ಡುಗಳೂ ಕಂಡವು. ಹವ್ಯಾಸಿಗಳು ಆಕಾಶಮಾರ್ಗವಾಗಿ ಮಾತನಾಡಿದ ಮೇಲೆ ಅದರ ನೆನಪಿಗಾಗಿ ಅಂಚೆಯಲ್ಲಿ ಒಬ್ಬರಿಗೊಬ್ಬರು ಕಾರ್ಡು ಕಳುಹಿಸುವ ಪದ್ಧತಿಯುಂಟು. ಅದಕ್ಕೆ ಕ್ಯೂ ಎಸ್ ಎಲ್ ಕಾರ್ಡೆಂದು ಹೆಸರು. ಮಾತನಾಡಿದ ದಿನ, ಗಳಿಗೆ, ತರಂಗದ ಪ್ರಮಾಣ, ಧ್ವನಿ ಎಷ್ಟು ಸ್ಪಷ್ಟವಾಗಿ ಕೇಳಿಸಿತೆಂಬ ಅಂಕಿ ಇವೆಲ್ಲ ಅದರಲ್ಲಿ ಬರೆದಿರುತ್ತವೆ. ಜಪಾನು, ಬ್ರೆಜಿಲು, ಇಟಲಿ ದೇಶಗಳ ಕಾರ್ಡುಗಳಿದ್ದವು. ೧೯೮೦ರ ಒಂದು ಕಾರ್ಡು ಬೆಂಗಳೂರಿನದು! ಊರಿನಿಂದ ಅಷ್ಟು ದೂರದಲ್ಲಿದ್ದ ರಾಯರು ಆ ರಾತ್ರಿ ನಮ್ಮ ನಾಡಿನ ಧ್ವನಿಯೊಂದನ್ನು ಕೇಳಿ ಎಷ್ಟು ಸಂತೋಷಪಟ್ಟಿರಬೇಕೆಂದು ಯೋಚಿಸುತ್ತ ನಾವು ಆ ಕಾರ್ಡನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ಅಟ್ಟದ ಮೇಲೆಯೇ ಕುಳಿತಿದ್ದೆವು. ಡಬ್ಬಿಯ ತಳದಲ್ಲಿ ರಾಯರು ತಾವೇ ಅಚ್ಚು ಹಾಕಿಸಿದ್ದ ಕಾರ್ಡುಗಳಲ್ಲಿ ನಾಲ್ಕು ಉಳಿದಿದ್ದವು. ಅವುಗಳ ಮೇಲೆ ಅವರ ಕರೆಹೆಸರೂ ನ್ಯೂಜೆರ್ಸಿಯ ಆಗಿನ ವಿಳಾಸವೂ ದಪ್ಪಕ್ಷರಗಳಲ್ಲಿದ್ದವು.

ಇದು ಭುಕ್ತಿ. ರಾಯರು ಆಕಾಶವನ್ನು ಅನುಭವಿಸಿದ್ದರೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಕುರುಹು ಬೇಕೆ? ಬೆಂಗಳೂರಿನ ಕಾರ್ಡಿನ ಚಿತ್ರವನ್ನು ನಾವು ಮೊಬೈಲಿನಲ್ಲಿ ಕಳುಹಿಸಲು, ಮೊಮ್ಮಗಳು ಅದರಲ್ಲಿ ಒಂದು ಸೂಕ್ಷ್ಮವನ್ನು ಕಂಡುಹಿಡಿದಳು. ಆ ಸಂಭಾಷಣೆ ನಡೆದದ್ದು ೧೪ ಮೆಗಾಹರ್ಟ್ಸ್ ತರಂಗದಲ್ಲಿ, ಬಾಯಿಮಾತಿನಲ್ಲಿ. ಆ ತರಂಗದಲ್ಲಿ ನಾವಿಸ್ ದರ್ಜೆಯವರಾಗಲಿ ಟೆಕ್ನಿಷಿಯನ್ ದರ್ಜೆಯವರಾಗಲಿ ಪ್ರಸಾರ ಮಾಡುವಂತಿರಲಿಲ್ಲ. ಆದುದರಿಂದ ತಾತನು ಜನರಲ್ ದರ್ಜೆಗೆ ಕಡಿಮೆಯಾಗಿರಲಾರನು. ಹೊಗೆಯಿಂದ ಬೆಂಕಿಯನ್ನು ಊಹಿಸುವ ನಮ್ಮ ನ್ಯಾಯಶಾಸ್ತ್ರವನ್ನು ಓದದ ಹುಡುಗಿ ಇಷ್ಟು ಚೊಕ್ಕವಾಗಿ ಅನುಮಾನ ಪ್ರಮಾಣವನ್ನು ಹೂಡಿದ್ದನ್ನು ಕಂಡು ನಮಗೆ ಪರಮಾನಂದವಾಯಿತು. ಆದರೆ ಮರುಕ್ಷಣದಲ್ಲಿಯೇ ಅವಳೇ ದೋಷವನ್ನೂ ತೋರಿಸಿದಳು: ಪರವಾನಗಿಯಿಲ್ಲದೆ ಮೋಟಾರು ನಡೆಸಿದವನೂ ಊರು ಸೇರುತ್ತಾನಲ್ಲವೆ? ಕಾರ್ಡು ಪ್ರಸಾರವನ್ನು ಸಾಧಿಸುತ್ತದೆಯೇ ಹೊರತು ಅಧಿಕಾರವನ್ನಲ್ಲ. ಅದರಲ್ಲಿ ದರ್ಜೆಯ ಹೆಸರೂ ಇರಲಿಲ್ಲ, ಸರ್ಕಾರದ ಮುದ್ರೆಯೂ ಇರಲಿಲ್ಲ. ಇನ್ನು ಸಾಕ್ಷಿಯೆಂದರೆ ನಾವು. ಜಗಲಿಯ ಕಂಬ ಕುಟ್ಟಿದ್ದನ್ನು ಕಂಡೆವೆಂಬ ನಮ್ಮ ಹೇಳಿಕೆಯನ್ನು ಯಾವ ಪರೀಕ್ಷಕರು ಬರೆದುಕೊಂಡಾರು?

೪

ಪತ್ರವು ದೇಶಾಂತರದಲ್ಲಿದ್ದರೆ, ಅಳಿಸಿಹೋಗಿದ್ದರೆ, ಕಳೆದುಹೋಗಿದ್ದರೆ, ಹರಿದು ಸುಟ್ಟು ಕೆಟ್ಟಿದ್ದರೆ ಬೇರೊಂದು ಪತ್ರವನ್ನು ಮಾಡಿಸಿಕೊಳ್ಳಬೇಕೆಂದು ಅದೇ ಸ್ಮೃತಿಯಲ್ಲಿ ವಿಧಿಯಿದೆ. ರಾಯರ ಭಾಗ್ಯಕ್ಕೆ ಅಂಥ ಬೇರೊಂದು ಪತ್ರವನ್ನು ನಲವತ್ತೈದು ವರ್ಷಗಳ ಹಿಂದೆ, ಅವರನ್ನು ಕೇಳದೆಯೇ, ಬೇರೆಯವರು ಅಚ್ಚು ಹಾಕಿಸಿಟ್ಟಿದ್ದರು.

ಅದೇ ಕಾಲ್‌ಬುಕ್, ಎಂದರೆ ಕರೆಹೆಸರುಗಳ ಕೋಶ. ಕಾರ್ಡು ಕಳುಹಿಸಬೇಕಾದರೆ ವಿಳಾಸ ತಿಳಿಯಬೇಕಷ್ಟೆ. ಆಕಾಶದಲ್ಲಿ ಕೇಳುವುದು ಕರೆಹೆಸರು ಮಾತ್ರ. ಅದರಿಂದ ಮನುಷ್ಯನ ಹೆಸರನ್ನೂ ಊರನ್ನೂ ತಿಳಿಯುವುದಕ್ಕಾಗಿ ೧೯೨೦ರ ದಶಕದಿಂದಲೂ ಇಂಥ ಕೋಶಗಳು ಅಲ್ಲಿ ಪ್ರಕಟವಾಗುತ್ತ ಬಂದವು. ರಾಯರ ಕಾಲದಲ್ಲಿ ಅದನ್ನು ಇಲಿನಾಯ್ ಪ್ರಾಂತದ ಲೇಕ್ ಬ್ಲಫ್ ಎಂಬ ಊರಿನಿಂದ ವರ್ಷವರ್ಷವೂ ಹೊರಡಿಸುತ್ತಿದ್ದರು. ಅಮೆರಿಕಾದವರಿಗೆ ಒಂದು ಸಂಪುಟ, ನಮ್ಮ ದೇಶವೂ ಸೇರಿದಂತೆ ಉಳಿದ ದೇಶದವರಿಗೆ ಮತ್ತೊಂದು. ಲಕ್ಷಗಟ್ಟಲೆ ಹೆಸರುಗಳನ್ನು ಇರುವೆಸಾಲಿನಂಥ ಅಕ್ಷರಗಳಲ್ಲಿ ಒತ್ತಿದ ದಿಂಡುಪುಸ್ತಕ. ಅಕಾರಾದಿ ಕ್ರಮವು ಮನುಷ್ಯರ ಹೆಸರಿನದಲ್ಲ, ಕರೆಹೆಸರಿನದು. ಆದುದರಿಂದ ಕರೆಹೆಸರು ಗೊತ್ತಿಲ್ಲದವನಿಗೆ ಆ ಗ್ರಂಥವು ಕಾಡು. ಕರೆಹೆಸರಿನ ಪಕ್ಕದಲ್ಲಿ ದರ್ಜೆಯನ್ನು ಸೂಚಿಸುವ ಒಂದೇ ಒಂದು ಅಕ್ಷರವನ್ನು ಕೊಟ್ಟಿರುತ್ತಿದ್ದರು: ನಾವಿಸಿಗೆ ಎನ್, ಟೆಕ್ನಿಷಿಯನ್ನಿಗೆ ಟಿ, ಜನರಲ್ಲಿಗೆ ಜಿ, ಅಡ್ವಾನ್ಸ್ಡಿಗೆ ಎ, ಎಕ್ಸ್‌ಟ್ರಾಕ್ಕೆ ಇ. ಆ ಒಂದು ಅಕ್ಷರವೇ ಈಗ ರಾಯರ ಪಾಲಿಗೆ ಸರ್ವಸ್ವವಾಯಿತು.

ಕಾಗದದ ಮೇಲೆ ಅಚ್ಚಾಗುವ ಆ ಕೋಶವು ೧೯೯೭ರಲ್ಲಿ ನಿಂತುಹೋಯಿತು. ಹೊಸ ಸಂಪುಟ ಬಂದೊಡನೆ ಹಳೆಯದನ್ನು ರದ್ದಿಗೆ ಹಾಕುವುದು ಲೋಕರೂಢಿ. ಆದರೂ ಕೆಲವರು ಅವನ್ನು ಬಿಸುಡದೆ ಕಾಪಾಡಿಕೊಂಡಿದ್ದರು. ೧೯೯೬ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರದಲ್ಲಿ ಆರಂಭವಾದ ಇಂಟರ್ನೆಟ್ ಆರ್ಕೈವ್ ಎಂಬ ಧರ್ಮಾರ್ಥ ಪುಸ್ತಕಭಂಡಾರವು ಇಂಥ ಹಳೆಯ ಸಂಪುಟಗಳ ಪ್ರತಿಯೊಂದು ಪುಟದ ಛಾಯಾಚಿತ್ರವನ್ನೂ ತೆಗೆದು, ಲೋಕದ ಯಾವ ಮೂಲೆಯಲ್ಲಿದ್ದವರಾದರೂ ದುಡ್ಡಿಲ್ಲದೆ ಓದಿಕೊಳ್ಳುವಂತೆ ಇಟ್ಟಿದೆ. ೨೦೨೨ರಿಂದ ಹವ್ಯಾಸಿ ರೇಡಿಯೋ ವಿಷಯಕ್ಕಾಗಿಯೇ ಅದರಲ್ಲಿ ಒಂದು ಪ್ರತ್ಯೇಕ ವಿಭಾಗವನ್ನು ಬೆಳೆಸುತ್ತಿದ್ದಾರೆ.

ತಾತನೂ ಮೊಮ್ಮಗಳೂ ಒಂದು ರಾತ್ರಿ ಗಣಕಯಂತ್ರದ ಮುಂದೆ ಕುಳಿತರು. ಮೊದಲು ೧೯೭೯ನೆಯ ಇಸವಿಯ ಸಂಪುಟವನ್ನು ತೆರೆದರು. ಕರೆಹೆಸರು ಸಿಕ್ಕಿತು, ಹೆಸರೂ ಸಿಕ್ಕಿತು. ಆದರೆ ಪಕ್ಕದ ಅಕ್ಷರ ಎನ್! ರಾಯರು ಕುರ್ಚಿಗೆ ಒರಗಿ ಕಣ್ಣು ಮುಚ್ಚಿಕೊಂಡರಂತೆ. ನಾವಿಸ್ ದರ್ಜೆಗೆ ಹೊಸ ನಿಯಮದಲ್ಲಿ ಯಾವ ವಿನಾಯಿತಿಯೂ ಇಲ್ಲ. "ನನ್ನ ನೆನಪೇ ನನಗೆ ಮೋಸ ಮಾಡಿತೇ ಎಂದು ಆ ಕ್ಷಣದಲ್ಲಿ ಹೆದರಿಬಿಟ್ಟೆ, ಮಾರಾಯ. ಈ ವಯಸ್ಸಿನಲ್ಲಿ ಅದಕ್ಕಿಂತ ದೊಡ್ಡ ಹೆದರಿಕೆ ಇಲ್ಲ" ಎಂದು ಅವರು ತರುವಾಯ ನಮಗೆ ಹೇಳಿದರು. ಅವರ ಧ್ವನಿ ಅಂದು ಏಕೆ ನಡುಗಿತ್ತೆಂಬುದು ಆಗ ನಮಗೆ ಅರ್ಥವಾಯಿತು. ಅವರು ಕಾಗದವನ್ನು ಹುಡುಕುತ್ತಿರಲಿಲ್ಲ. ತಾವು ನೆನೆಯುತ್ತಿರುವ ಯೌವನವು ನಿಜವಾಗಿಯೂ ನಡೆದಿತ್ತೇ ಎಂಬುದನ್ನು ಹುಡುಕುತ್ತಿದ್ದರು.

ಯುಕ್ತಿ ಹೊಳೆದದ್ದು ಹುಡುಗಿಗೆ. ೧೯೭೯ನೆಯ ಇಸವಿಯ ಸಂಪುಟವು ಅಚ್ಚಾದದ್ದು ೧೯೭೮ರ ಕೊನೆಯಲ್ಲಿ. ತಾತನು ಜನರಲ್ ಗೆದ್ದದ್ದು ೧೯೭೯ರ ವಸಂತದಲ್ಲಿ. ನಮ್ಮ ಯುಗಾದಿಯ ಪಂಚಾಂಗವು ಹಿಂದಿನ ವರ್ಷವೇ ಸಿದ್ಧವಾಗುವಂತೆ, ಆ ಕೋಶವೂ ಒಂದು ಹೆಜ್ಜೆ ಹಿಂದೆಯೇ ಇರತಕ್ಕದ್ದಷ್ಟೆ. ೧೯೮೦ರ ಸಂಪುಟವನ್ನು ತೆರೆದು ಅದೇ ಕರೆಹೆಸರಿನ ಬಳಿಗೆ ಬರಲಾಗಿ, ಅದೇ ಹೆಸರು, ಅದೇ ವಿಳಾಸ, ಪಕ್ಕದಲ್ಲಿ ಜಿ ಎಂಬ ಅಕ್ಷರ. ೧೯೮೧ರಲ್ಲಿಯೂ ಜಿ. ಹುಡುಗಿ ಮಾತನಾಡಲಿಲ್ಲ, ತಾತನ ಕೈಯನ್ನು ತನ್ನ ಎರಡು ಕೈಗಳಿಂದಲೂ ಹಿಡಿದುಕೊಂಡಳಂತೆ.

ಇನ್ನೊಂದು ತೊಡಕು ಉಳಿದಿದ್ದಿತು. ಅದು ನಮ್ಮ ಕನ್ನಡಿಗರಿಗೇ ವಿಶೇಷವಾದದ್ದು. ನಾವು ಊರಿನ ಹೆಸರನ್ನೂ ತಂದೆಯ ಹೆಸರನ್ನೂ ಮೊದಲಕ್ಷರಗಳಾಗಿ ಹೆಸರಿನ ಮುಂದೆ ಇಟ್ಟುಕೊಳ್ಳುತ್ತೇವೆ. ಪಶ್ಚಿಮದವರ ಅರ್ಜಿಗಳಲ್ಲಿ ಕುಲನಾಮವನ್ನು ಕೇಳುತ್ತಾರೆ. ೧೯೭೧ರಲ್ಲಿ ರಾಯರು ಊರಿನ ಹೆಸರನ್ನು ಕುಲನಾಮವೆಂದು ಬರೆದುಕೊಟ್ಟಿದ್ದರು; ಈಗಿನ ಅವರ ಕಾಗದಪತ್ರಗಳಲ್ಲಿ ಆ ಸ್ಥಾನದಲ್ಲಿರುವುದು ತಂದೆಯ ಹೆಸರು. ಕೋಶದಲ್ಲಿರುವ ವ್ಯಕ್ತಿಯೇ ಈ ವ್ಯಕ್ತಿಯೆಂದು ತೋರಿಸುವುದು ಹೇಗೆ? ಇಲ್ಲಿ ಬಿಸ್ಕತ್ತಿನ ಡಬ್ಬಿ ಕೆಲಸಕ್ಕೆ ಬಂದಿತು. ಹಳೆಯ ಪಾಸ್‌ಪೋರ್ಟಿನಲ್ಲಿ ಕೋಶದಲ್ಲಿದ್ದ ಹೆಸರೂ, ರಾಯರ ಭಾವಚಿತ್ರವೂ, ಜನ್ಮದಿನವೂ ಒಟ್ಟಿಗಿದ್ದವು. ಅವರ ಸ್ವಂತ ಕಾರ್ಡಿನ ಮೇಲೆ ಕೋಶದ ವಿಳಾಸವೇ ಇದ್ದಿತು. ಎರಡನ್ನೂ ನಾವು ಅಂಚೆಯಲ್ಲಿ ಕಳುಹಿಸಿಕೊಟ್ಟೆವು. ಬಿಡಿಯಾಗಿ ಯಾವುದೂ ಸಾಲದು. ಕೊಂಡಿಗೆ ಕೊಂಡಿ ಸೇರಿದಾಗ ಸರಪಣಿಯಾಯಿತು.

೫

ಮಾನುಷ ಪ್ರಮಾಣ ಸಿದ್ಧವಾಯಿತು; ಇನ್ನು ದಿವ್ಯವೊಂದು ಉಳಿದಿದ್ದಿತು. ಎಂದರೆ ಎರಡನೆಯ ಭಾಗದ ಪರೀಕ್ಷೆ. ಪ್ರಶ್ನೆಗಳು ೩೫, ತೇರ್ಗಡೆಯಾಗಲು ೨೬ಕ್ಕೆ ಸರಿಯುತ್ತರ ಬೇಕು. ಎಪ್ಪತ್ತಾರರ ತಾತನಿಗೆ ಮೊಮ್ಮಗಳೇ ಉಪಾಧ್ಯಾಯಿನಿಯಾದಳು. ಹಳೆಯ ವಿದ್ಯುತ್ ಸೂತ್ರಗಳು ಅವರಿಗೆ ನೀರು ಕುಡಿದಂತೆ ಬಂದವು. ಕಾನೂನು ಬದಲಾದ ಕಡೆಗಳಲ್ಲಿ ಮಾತ್ರ ಹುಡುಗಿಯಿಂದ ಬೈಸಿಕೊಂಡರಂತೆ. ಸರ್ಕಾರದ ಅಧಿಕಾರಿಗಳ ಮುಂದೆ ಹೋಗಬೇಕಾದ ಕಾಲವೂ ಈಗಿಲ್ಲ. ೧೯೮೪ರಿಂದೀಚೆಗೆ ಹವ್ಯಾಸಿಗಳೇ ಮೂವರು ಸೇರಿ ಪರೀಕ್ಷೆ ನಡೆಸುವ ಏರ್ಪಾಡಿದೆ. ಆ ಮೂವರು ಪರೀಕ್ಷಕರು ರಾಯರ ಉತ್ತರಗಳನ್ನು ತಿದ್ದಿ, ತೇರ್ಗಡೆಯೆಂದು ತಿಳಿಸಿ, ಬಳಿಕ ೧೯೮೦ರ ಕೋಶದ ಮುಖಪುಟದ ಪ್ರತಿಯನ್ನೂ ಹೆಸರಿದ್ದ ಪುಟದ ಪ್ರತಿಯನ್ನೂ ಪಾಸ್‌ಪೋರ್ಟನ್ನೂ ಒಂದರ ಪಕ್ಕದಲ್ಲಿ ಒಂದಿಟ್ಟು ನೋಡಿ, ಮೂರನೆಯ ಭಾಗವನ್ನೂ ಗೆದ್ದಂತೆಯೇ ಬರೆದುಕೊಟ್ಟರು. ಆಯೋಗಕ್ಕೆ ೩೫ ಡಾಲರು ಶುಲ್ಕ ಸಂದಾಯವಾದ ಮೇಲೆ ಜನರಲ್ ದರ್ಜೆಯ ಪರವಾನಗಿ ಬಂದಿತು.

ಪರವಾನಗಿಯೊಡನೆ ಬಂದದ್ದು ಹೊಸ ಕರೆಹೆಸರು. ಹಳೆಯ ಕರೆಹೆಸರು ಬೇರಾರಿಗೂ ಹಂಚಿಕೆಯಾಗಿಲ್ಲವೆಂದು ತಿಳಿದು, ರಾಯರು ಮತ್ತೊಂದು ಅರ್ಜಿ ಹಾಕಿ ಅದನ್ನೇ ಮರಳಿ ಪಡೆದರು.

ಆ ದಿನ ರಾತ್ರಿ ನಮ್ಮ ಮನೆಯ ದೂರವಾಣಿ ಬಾರಿಸಿತು. ಎತ್ತಿಕೊಂಡರೆ ಮಾತಿಲ್ಲ, ಮೇಜನ್ನು ಕುಟ್ಟುವ ಸದ್ದು ಮಾತ್ರ. ಗುರು ಗುರು ಲಘು ಲಘು ಲಘು, ಸ್ವಲ್ಪ ಬಿಡುವು, ಲಘು ಲಘು ಲಘು ಗುರು ಗುರು. ನಲವತ್ತು ವರ್ಷಗಳ ಹಿಂದೆ ಜಗಲಿಯಲ್ಲಿ ಕಲಿತ ನಾಲ್ಕಾರು ಸಂಕೇತಗಳಲ್ಲಿ ಇದೂ ಒಂದು. ಮೊದಲನೆಯದು ೭, ಎರಡನೆಯದು ೩; ಒಂದನ್ನು ತಿರುಗಿಸಿದರೆ ಮತ್ತೊಂದು. ಹವ್ಯಾಸಿಗಳ ಭಾಷೆಯಲ್ಲಿ ಎಪ್ಪತ್ತಮೂರೆಂದರೆ ಶುಭಾಶಯ. ನಾವೂ ಗೋಡೆಯನ್ನು ಕುಟ್ಟಿ ಅದನ್ನೇ ಹಿಂದಿರುಗಿಸಿದೆವು. ಮೊಮ್ಮಗಳು ಈಗ ತಾತನನ್ನು ಹಿಂದೆ ಹಾಕಲು ಜನರಲ್ ಪರೀಕ್ಷೆಗೆ ಓದುತ್ತಿದ್ದಾಳೆಂಬ ವರ್ತಮಾನವೂ ಆಮೇಲೆ ತಿಳಿಯಿತು.

೬

ಇದರಿಂದ ಗೃಹಸ್ಥರು ತಿಳಿಯತಕ್ಕದ್ದನ್ನು ಸಂಕ್ಷೇಪವಾಗಿ ಹೇಳಿ ಮುಗಿಸುತ್ತೇವೆ. ವಾಚಕರ ಬಂಧುಗಳಲ್ಲಿ ಯಾರಾದರೂ ಹಿಂದೆ ಅಮೆರಿಕಾದಲ್ಲಿದ್ದು ಇಂಥ ಪರವಾನಗಿಯನ್ನು ಪಡೆದಿದ್ದರೆ ಮೊದಲು ಕರೆಹೆಸರನ್ನು ಜ್ಞಾಪಿಸಿಕೊಳ್ಳಲಿ, ಅದಿಲ್ಲದೆ ಹುಡುಕಾಟವಿಲ್ಲ. ಅದು ಮರೆತಿದ್ದರೆ ಹಳೆಯ ಕಾರ್ಡುಗಳಲ್ಲಿ ಸಿಕ್ಕೀತು. ಪರವಾನಗಿಯ ಮೂಲವಾಗಲಿ ನಕಲಾಗಲಿ ಇದ್ದರೆ ಅದೇ ಶ್ರೇಷ್ಠ. ಇಲ್ಲದಿದ್ದರೆ ಕಾಲ್‌ಬುಕ್ಕಿನ ಒಂದೇ ಸಂಪುಟವನ್ನು ನೋಡಿ ನಿರಾಶರಾಗದೆ, ಪರವಾನಗಿ ದೊರೆತ ಮರುವರ್ಷದ, ಅದರ ಮುಂದಿನ ವರ್ಷದ ಸಂಪುಟಗಳನ್ನೂ ನೋಡಬೇಕು. ವರ್ಷ ತಿಳಿಯುವಂತೆ ಮುಖಪುಟದ ಪ್ರತಿಯನ್ನೂ ತೆಗೆದಿಟ್ಟುಕೊಳ್ಳಬೇಕು. ಈ ವಿನಾಯಿತಿ ಆ ದೇಶದ ಆಯೋಗವೇ ಕೊಟ್ಟ ಪರವಾನಗಿಗಳಿಗೆ ಮಾತ್ರ ಸಲ್ಲುತ್ತದೆ. ನಮ್ಮ ದೇಶದ ಪರವಾನಗಿಗೆ ಸಂಬಂಧಿಸಿದ್ದಲ್ಲ.

ರೇಡಿಯೋವಿನ ಗೊಡವೆಯೇ ಇಲ್ಲದವರಿಗೂ ಒಂದು ಮಾತು. ಅವಧಿ ಮುಗಿಯಿತೆಂದು ಯಾವ ಪತ್ರವನ್ನೂ ಬಿಸುಡಬೇಡಿರಿ. ಅಧಿಕಾರಕ್ಕೆ ಅವಧಿಯುಂಟು, ಗಳಿಸಿದ ಅರ್ಹತೆಗೆ ಇಲ್ಲ. ಆ ಅರ್ಹತೆಯ ಗುರುತು ಸತ್ತ ಪತ್ರದಲ್ಲಿಯೇ ಉಳಿದಿರುತ್ತದೆ. ಪತ್ರಗಳನ್ನು ಟ್ರಂಕಿನಲ್ಲಿ ಗ್ರಂಥಗಳ ನಡುವೆ ಇಡದೆ, ಬಿಗಿಯಾದ ಮುಚ್ಚಳದ ಡಬ್ಬಿಯಲ್ಲಿ, ನೆಲಕ್ಕೂ ಗೋಡೆಗೂ ತಾಗದಂತೆ ಇಡಿರಿ. ಛಾಯಾಪ್ರತಿಯೊಂದು ಬೇರೆ ಮನೆಯಲ್ಲಿರಲಿ. ಹೆಸರು ಎರಡು ಬಗೆಯಾಗಿ ದಾಖಲಾಗಿದ್ದರೆ ಎರಡನ್ನೂ ಜೋಡಿಸತಕ್ಕ ಪತ್ರವೊಂದನ್ನು ಪ್ರತ್ಯೇಕವಾಗಿ ಕಾಪಾಡಿರಿ. ಇವೆಲ್ಲಕ್ಕಿಂತ ಮಿಗಿಲಾಗಿ, ಮನೆಯ ಹಿರಿಯರು ತಮ್ಮ ಯೌವನದ ಸಾಹಸವನ್ನು ಹೇಳುವಾಗ ಅದಕ್ಕೆ ಸಾಕ್ಷ್ಯವಿಲ್ಲವೆಂದು ನಗಬೇಡಿರಿ. ರಾಯರ ಮೊಮ್ಮಗಳಂತೆ ಒಟ್ಟಿಗೆ ಕುಳಿತು ಹುಡುಕಿರಿ.

ಮೊನ್ನೆ ನಾವು ಆ ಮನೆಗೆ ಹೋಗಿದ್ದೆವು. ಅತ್ತಿಗೆಯವರು ಟ್ರಂಕಿನ ಅಡಿಗೆ ಹೊಸ ತಗಡು ಹಾಕಿಸಿ, ಬೇವಿನೆಲೆ ಹರಡಿ, ಉಳಿದ ಕಾರ್ಡುಗಳ ಡಬ್ಬಿಯನ್ನು ದೇವರ ಕೋಣೆಯ ಕಪಾಟಿನಲ್ಲಿ ಇಟ್ಟಿದ್ದಾರೆ. "ಭಾವನವರು ಬಂದಾಗ ಕೇಳಿದರೆ?" ಎಂದರು.